ಗೋದಾಕ್ಕನ ಮೊಣಕಾಲಿನ ತಕರಾರು

ವಿಠ್ಠಲನ ದರ್ಶನಕ್ಕೆ ನಡೆದು ಹೋಗುವ ವಾರಕರಿಗಳಿಗೆ ಸಿಟ್ಟು ಮಾಡುವ ಅಪ್ಪಣೆ ಇಲ್ಲ. ಕೊರಳಿಗೆ ತುಳಸಿ ಮಾಲೆ ಬಿದ್ದ ದಿನವೇ ಆ ಸುಖ ಮುಗಿಯಿತು. ಎದುರು ಬಂದವರನ್ನೆಲ್ಲ ‘ಮಾವುಲಿ’, ಅಂದರೆ ತಾಯಿ, ಎಂದೇ ಕರೆಯಬೇಕು. ಗಂಡಸಾಗಲಿ, ಹೆಂಗಸಾಗಲಿ, ಗೋಡೆಯ ವ್ಯಾಜ್ಯ ಹೂಡಿದ ದಾಯಾದಿಯೇ ಆಗಲಿ, ಬಾಗಿ ಅವರ ಕಾಲು ಮುಟ್ಟಬೇಕು; ಅವರೂ ಬಾಗಿ ನಮ್ಮ ಕಾಲು ಮುಟ್ಟಬೇಕು. ಇಂಥವರಲ್ಲಿ ಜಗಳ ಹೇಗೆ ಸಾಧ್ಯ ಎಂದು ಕೇಳುವವರು ಕರಾಡದ ದಿಂಡಿಯನ್ನು, ಅಂದರೆ ಭಜನೆ ಮಾಡುತ್ತ ಕೂಡಿ ನಡೆಯುವ ತಂಡವನ್ನು, ನೋಡಿಲ್ಲ. ಅಲ್ಲಿ ಜಗಳ ಧಾರಾಳವಾಗಿ ಆಗುತ್ತಿತ್ತು. ಬಾಗಿಕೊಂಡೇ ಆಗುತ್ತಿತ್ತು, ಅಷ್ಟೇ.

ಆ ವರ್ಷ ಪಂಢರಪುರಕ್ಕೆ ನಡೆದು ಹೊರಡುವ ಮುಂಚೆ ದಿಂಡಿಯವರೆಲ್ಲ ಮಾರುತಿ ಗುಡಿಯಲ್ಲಿ ಸೇರಿದ್ದರು. ದಿಂಡಿಯ ಹಿರಿಯ, ವೀಣೆ ಹಿಡಿದು ನಡೆಯುವ ತಾತ್ಯಾಬುವಾ, ಅಡಿಗೆ ಯಾರದು, ಡೇರೆ ಯಾರದು ಎಂದು ಹೇಳುತ್ತ ಹೇಳುತ್ತ, ದನಿಯಲ್ಲಿ ಏನೂ ವ್ಯತ್ಯಾಸವಿಲ್ಲದೆ, “ಗೋದಾಕ್ಕ ಈ ಸಲ ಸಾಮಾನಿನ ಟೆಂಪೋದಾಗ ಬರ್ತಾರ, ಪಾತ್ರೆ ಜೋಡಿ” ಎಂದುಬಿಟ್ಟರು.

ಗುಡಿಯಲ್ಲಿದ್ದವರೆಲ್ಲ ಗೋದಾಕ್ಕನ ಕಡೆ ತಿರುಗಿದರು. ಗೋದಾಕ್ಕ ಎಂದರೆ ತಲೆಯ ಮೇಲೆ ಹಿತ್ತಾಳೆಯ ಸಣ್ಣ ತುಳಸಿ ಕಟ್ಟೆ ಹೊತ್ತು ಎಲ್ಲರಿಗಿಂತ ಮುಂದೆ ನಡೆಯುವ ಹೆಂಗಸು. ಗಂಡ ತೀರಿಕೊಂಡ ವರ್ಷ ಆ ತುಳಸಿಯನ್ನು ತಲೆಗೇರಿಸಿಕೊಂಡವಳು ಮತ್ತೆ ಯಾರ ತಲೆಗೂ ಕೊಟ್ಟಿರಲಿಲ್ಲ.

“ಯಾರ ಜೋಡಿ?” ಎಂದು ಕೇಳಿದಳು.

“ಪಾತ್ರೆ ಜೋಡಿ, ಮಾವುಲಿ. ಮೊಣಕಾಲು ಹೋಗ್ಯಾವಲ್ಲ ನಿಮ್ಮವು. ಹೋದ ವರ್ಷ ಫಲಟಣದ ಹತ್ರ ನೀವು ಕುಂತ್ರಿ, ಹಿಂದಿನ ಸಾಲು ಪೂರಾ ನಿಂತು ಬಿಡ್ತು.”

“ಕಾಲಾಗಿನ ಮುಳ್ಳು ತೆಗಿಯಾಕ ಕುಂತಿದ್ದೆ, ಮಾವುಲಿ.”

“ಮುಳ್ಳು ತೆಗಿಯಾಕ ಊಟದ ಹೊತ್ತಿನ ತನಕ ಬೇಕಾತೇನ್ರಿ, ಮಾವುಲಿ?”

“ದೊಡ್ಡ ಮುಳ್ಳಿತ್ರಿ, ಮಾವುಲಿ.”

ಇಬ್ಬರೂ ಹಲ್ಲು ಕಚ್ಚಿಕೊಂಡು ಆಡುತ್ತಿದ್ದುದರಿಂದ ಆ ಪವಿತ್ರ ಶಬ್ದ ಬಹಳ ಕೆಟ್ಟ ಬೈಗುಳದ ಹಾಗೆ ಕೇಳಿಸುತ್ತಿತ್ತು.

ಆಗ ಕಂಬದ ಮರೆಯಿಂದ ಭಿಕೋಬಾ ಎದ್ದ. ಗೋದಾಕ್ಕನ ತಮ್ಮ, ಮೃದಂಗ ಮಾಡುವವನು, ಹರಿದದ್ದನ್ನು ಹೊಲಿಯುವವನು. ಒಳ್ಳೆಯ ಮನುಷ್ಯ. ಆದರೆ ‘ನಾ ಮಾಡ್ತೀನಿ’ ಎಂಬ ಮಾತು ಅವನ ಬಾಯಿಂದ ಹೊರಟ ಮೇಲೆ ಬುದ್ಧಿ ಅದರ ಹಿಂದೆ ಓಡಿ ಬರುತ್ತಿತ್ತು, ಬಹಳ ಸಲ ತಲುಪುತ್ತಿರಲಿಲ್ಲ. ಗುಡಿಯ ಗಡಿಯಾರವನ್ನು ಅವನು ರಿಪೇರಿ ಮಾಡಿದಂದಿನಿಂದ ಆ ಓಣಿಯವರು ಆಕಾಶ ನೋಡಿ ಹೊತ್ತು ತಿಳಿಯುತ್ತಿದ್ದರು.

“ಬುವಾ, ನನ್ನ ಅಕ್ಕ ಪಾತ್ರೆ ಅಲ್ಲ. ಆಕಿ ಮೊಣಕಾಲಿಗೆ ಆಸರಿಗೆ ಕಟ್ಟೋ ಪಟ್ಟಾ ನಾ ಮಾಡ್ತೀನಿ” ಎಂದ.

“ಪಟ್ಟಾ ಅಂಗಡ್ಯಾಗ ಸಿಗ್ತಾವಲ್ಲ, ಮಾವುಲಿ” ಎಂದರು ಬುವಾ.

“ಅಂಗಡಿ ಪಟ್ಟಾ!” ಗೋದಾಕ್ಕ ಸಿಡಿದಳು. “ಆ ಕರೀ ರಬ್ಬರ ತೋಳು, ಅಂಗಿ ತೋಳಿನಂಥಾದ್ದು! ಮುಂಜಾನೆ ಮೊಣಕಾಲಿಗೆ ಏರಿಸಿದ್ರ ಮಧ್ಯಾಹ್ನಕ್ಕ ಮೀನಖಂಡಕ್ಕ ಜಾರ್ತೈತಿ, ಸಂಜಿಗೆ ಪಾದದ ಹರಡಿಗೆ. ಒಳಗ ಬೆವರು ಕುದಿತೈತಿ, ಮೇಲ ತುರಿಸ್ತೈತಿ, ಒಂಬತ್ತು ಗಜದ ಸೀರಿ ಕಚ್ಚೆ ಬಿಚ್ಚಿ ಮತ್ತ ಏರಿಸಾಕ ರಸ್ತೆದಾಗ ಜಾಗ ಎಲ್ಲೈತಿ? ಅದನ್ನ ಮಾಡಿದವ ಕಾಲು ನೋಡಿಲ್ಲ, ನೀರಿನ ಪೈಪು ನೋಡ್ಯಾನ. ನಮ್ಮ ತಮ್ಮನ ಹೆಂಡ್ತಿ ಹೌಸಾ ಈಗ ಅದರಾಗ ಬಿಸಿ ಪಾತ್ರೆ ಇಳಸ್ತಾಳ.”

ತಾತ್ಯಾಬುವಾ ಧೋತರದ ಅಂಚನ್ನು ಕೆಳಗೆ ಜಗ್ಗಿಕೊಂಡರು. ಆಮೇಲೆ, “ಭಿಕೋಬಾ, ಮೃದಂಗ ಬ್ಯಾರೆ, ಮೊಣಕಾಲು ಬ್ಯಾರೆ” ಎಂದರು.

“ಏನು ಬ್ಯಾರೆ, ಮಾವುಲಿ? ಅದಕ್ಕೂ ಚರ್ಮ, ಇದಕ್ಕೂ ಚರ್ಮ. ಅದನ್ನೂ ಬಿಗೀಬೇಕು, ಇದನ್ನೂ ಬಿಗೀಬೇಕು. ಬಾರಿಸಿ ನೋಡಿದ್ರ ಸರಿ ಐತೋ ಇಲ್ಲೋ ತಾನ ಹೇಳ್ತೈತಿ.”

ಮುಂದೆ ಆದ ಅನಾಹುತವೆಲ್ಲ ಈ ಮಾತಿನಲ್ಲೇ ಬೀಜವಾಗಿ ಕೂತಿತ್ತು.

“ಆಗಲಿ” ಎಂದರು ಬುವಾ. “ದಾರ್ಯಾಗ ಎಲ್ಲೇ ಕುಂತ್ರೂ ಟೆಂಪೋ. ನನ್ನ ಮಾತಿಗೆ ಮಾತಿಲ್ಲ.”

ಎಲ್ಲರೂ ಬಾಗಿ ಪರಸ್ಪರ ಕಾಲು ಮುಟ್ಟಿ ಚದುರಿದರು. ತಾತ್ಯಾಬುವಾ ಮಾತ್ರ ಹಿಂದೆ ಸರಿದು, “ದೂರದಿಂದ, ದೂರದಿಂದ. ಮನಸಿನ್ಯಾಗ ಮುಟ್ರಿ, ಮುಟ್ತೈತಿ” ಎನ್ನುತ್ತಿದ್ದರು. ಈ ಹೊಸ ನೇಮ ಯುಗಾದಿಯ ಹಿಂದೆಮುಂದೆ ಸುರುವಾಗಿತ್ತು. ಬುವಾ ಭಕ್ತಿಯಲ್ಲಿ ಇನ್ನೂ ಮೇಲಿನ ಮೆಟ್ಟಿಲು ಏರಿದ್ದಾರೆ ಎಂದು ಜನ ಕೈ ಮುಗಿಯುತ್ತಿದ್ದರು.

ಮೊದಲ ತೊಡಕು ಅಳತೆಯದು. ತಮ್ಮನಾದರೇನು, ಗೋದಾಕ್ಕ ಸೀರೆ ಎತ್ತಿ ಮೊಣಕಾಲು ತೋರಿಸುವವಳಲ್ಲ. ಭಿಕೋಬಾ ಬಾಗಿಲ ಹೊರಗೆ ಗೋಡೆಗೆ ಮುಖ ಮಾಡಿ ನಿಂತ. ಒಳಗೆ ಅವನ ಹೆಂಡತಿ ಹೌಸಾ ದಾರ ಹಿಡಿದು ಗೋದಾಕ್ಕನ ಕಾಲಿಗೆ ಸುತ್ತಿದಳು.

“ಎಲ್ಲಿ ಸುತ್ತಲಿ?” ಎಂದು ಹೌಸಾ ಕೂಗಿದಳು.

“ನಡುವ.”

“ಕಾಲಿಗೆ ನಡು ಎಲ್ಲಿರ್ತೈತ್ರಿ? ಇವರ ಕಾಲು ಮ್ಯಾಲಿಂದ ಕೆಳಗಿನ ತನಕ ಒಂದೇ ಆಗೇತಿ.”

“ಹೌಸೇ,” ಎಂದಳು ಗೋದಾಕ್ಕ, “ಇದ ಕಾಲಿನಿಂದ ನಿನ್ನ ಒದೀಲೇನು?”

“ಒದೀರಿ ಅಕ್ಕಾ, ಎತ್ತಾಕ ಬಂದ್ರ ಒದೀರಿ.”

ಹೀಗೆ ಪ್ರೀತಿಯಿಂದ ಅಳತೆ ಮುಗಿಯಿತು. ಭಿಕೋಬಾ ಕೆಲಸಕ್ಕೆ ಕೂತ. ಮೃದಂಗದ ಬಾರು ತೆಗೆದು ಜಾಳಿಗೆಯ ಹಾಗೆ ಹೆಣೆದ. ಬಾರಿನ ಕೆಳಗೆ, ಮೃದಂಗಕ್ಕೆ ಸಿಕ್ಕಿಸುವ ಹಾಗೆಯೇ, ಗಟ್ಟಾ ಎಂಬ ಮರದ ಸಣ್ಣ ತುಂಡುಗಳನ್ನು ಸಿಕ್ಕಿಸಿದ. ಗಟ್ಟಾವನ್ನು ಅತ್ತ ಸರಿಸಿದರೆ ಬಿಗಿ, ಇತ್ತ ಸರಿಸಿದರೆ ಸಡಿಲ. ಮೆತ್ತಗಿರಲೆಂದು ಒಳಗೆ ಏನು ಹಾಕಬೇಕು? ಅವನಿಗೆ ಗೊತ್ತಿದ್ದ ಮೆತ್ತನೆಯ ವಸ್ತು ಒಂದೇ: ಮೃದಂಗದ ಎಡ ಮುಖಕ್ಕೆ ಮೆತ್ತುವ ಗೋಧಿಯ ಕಣಕ. ಅದನ್ನೇ ತಟ್ಟಿ ಮೊಣಕಾಲಿನ ಚಿಪ್ಪಿನ ಮೇಲೆ ಬರುವ ಹಾಗೆ ಮೆತ್ತಿದ. ಹೌಸಾ ಒಳಗೆ ತೊಡಿಸಿದಳು. ಸೀರೆಯ ಮೇಲಿಂದಲೇ ಭಿಕೋಬಾ ಸುತ್ತಿಗೆಯಿಂದ ಗಟ್ಟಾ ಬಡಿಯತೊಡಗಿದ. ಬಡಿದು ಬಡಿದು, ಸ್ವರ ಕೂಡಿತೇ ಎಂದು ಕಿವಿ ಹಚ್ಚಿ ಆಲಿಸಿದ.

“ನೋಯ್ತೈತೋ ಭಿಕ್ಯಾ!”

“ಸುರ ಬಂದಿಲ್ಲ ಇನ್ನ, ತಡಿ.”

“ಕಾಲು ಜುಮ್ ಅನ್ನಾಕತ್ತೈತಿ!”

“ಜುಮ್ ಅಂತಲ್ಲ? ಹತ್ರ ಬಂತು.”

“ಬೆರಳು ಎಲ್ಲಿ ಅದಾವ ಅಂತ ತಿಳೀವಲ್ದು!”

“ಹಾಂ! ಬಂತು! ಅಲುಗಾಡಬ್ಯಾಡ, ಇಳಿದು ಹೋಗ್ತೈತಿ.”

ಆ ಸುರವನ್ನು ಕಾಲಿನಲ್ಲಿ ಕಟ್ಟಿಕೊಂಡು ಗೋದಾಕ್ಕ ಮರುದಿನ ಸಂಗಮದ ಗುಡಿಗೆ ಹೊರಟಳು. ಓಣಿಯ ತಿರುವಿನಲ್ಲಿ ಒಂದು ಹಸು ಅವಳ ಬೆನ್ನು ಹತ್ತಿತು. ಗೋದಾಕ್ಕ ನಿಂತರೆ ನಿಂತಿತು, ನಡೆದರೆ ನಡೆಯಿತು, ಕೊನೆಗೆ ಮೊಣಕಾಲಿಗೆ ಮೂತಿ ಇಟ್ಟು ಸೀರೆಯ ಸಮೇತ ನೆಕ್ಕತೊಡಗಿತು.

ಓಣಿಯ ಪಾರುಬಾಯಿ ತನ್ನ ಕಿಟಕಿಯಿಂದ ಭಕ್ತಿಯಿಂದ ಕೂಗಿದಳು. “ಗೋದಾಕ್ಕಾ! ಸಾಕ್ಷಾತ್ ಗೋಮಾತೆ ನಿಮ್ಮ ಪಾದಕ್ಕ ಬಂದಾಳ್ರಿ!”

“ಪಾದಕ್ಕಲ್ಲ, ಚಪಾತಿಗೆ ಬಂದಾಳ! ಮೊದಲ ಓಡಸ ಇದನ್ನ!”

ಪಾರುಬಾಯಿ ಓಡಿಸಲಿಲ್ಲ. ಅರಿಸಿನ ಕುಂಕುಮ ತಂದು ಹಸುವಿಗೂ ಹಚ್ಚಿದಳು, ಮೊಣಕಾಲಿಗೂ ಹಚ್ಚಿದಳು. ಅಷ್ಟರಲ್ಲಿ ಗೋದಾಕ್ಕನ ಕಾಲು ಕೆಳಗಿನಿಂದ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಓಣಿಯವರು ಅವಳನ್ನು ಕೈಗಾಡಿಯ ಮೇಲೆ ಸರಕಾರಿ ದವಾಖಾನೆಗೆ ನೂಕಿಕೊಂಡು ಹೋದರು. ಹಸುವೂ ಗೇಟಿನ ತನಕ ಹೋಯಿತು.

ದವಾಖಾನೆಯ ಎಲುಬಿನ ಡಾಕ್ಟರು ಪಿಂಗಳೆಬಾಯಿ. ಬಾರು ಕತ್ತರಿಸಿ ಬಿಚ್ಚಿದ ಮೇಲೆ, “ಇದನ್ನ ಯಾರು ಕಟ್ಟಿದ್ದು?” ಎಂದು ಕೇಳಿದರು.

“ನಾನು” ಎಂದ ಭಿಕೋಬಾ, ಸ್ವಲ್ಪ ಎದೆ ಉಬ್ಬಿಸಿ.

“ಇವರು ಏನು ತಪ್ಪು ಮಾಡಿದ್ರು ಅಂತ?”

ಆಮೇಲೆ ಡಾಕ್ಟರಿಗೆ ಬಂದ ಸಿಟ್ಟಿಗೆ ಹೊರಗಿನ ಸಾಲಿನಲ್ಲಿದ್ದ ರೋಗಿಗಳು ಅರ್ಧ ಗುಣವಾದರು. “ಕೀಲಿನಾಗಿನ ಮೆತ್ತೆ ಸವದೈತಿ. ಎಲುಬಿಗೆ ಎಲುಬು ತಿಕ್ಕತೈತಿ. ಅದಕ್ಕ ಆಸರೆ ಬೇಕು, ನೇಣು ಅಲ್ಲ! ಚಿಪ್ಪು ಬಯಲಾಗಿರಬೇಕು. ತೊಡಿಗೊಂದು ಪಟ್ಟಿ, ಮೀನಖಂಡಕ್ಕೊಂದು ಪಟ್ಟಿ, ಎರಡೂ ಬದಿಗೆ ಗಟ್ಟಿ ಆಸರೆ. ಅದು ಮಡಚೋ ಜಾಗ ಸರಿಯಾಗಿ ಮೊಣಕಾಲು ಮಡಚೋ ಜಾಗದಾಗ ಬರಬೇಕು. ನಡೆಯೋವಾಗ ಬಿಗಿ, ಕೂಡೋವಾಗ ಸಡಿಲ. ಬಿಗಿ ಸಡಿಲ ಮಾಡಿಕೊಳ್ಳೋರು ತೊಟ್ಟವರು, ನೀವಲ್ಲ.”

“ಬಿಗಿ ಎಷ್ಟಿರಬೇಕ್ರಿ?”

“ಅವರಿಗೆ ಹಿತ ಅನಿಸೋವಷ್ಟು.”

ಭಿಕೋಬಾ ಗಂಭೀರವಾಗಿ ಯೋಚಿಸಿ ಕೇಳಿದ. “ಹಿತ ಅಂದ್ರ ಯಾವ ಸುರ ಆತ್ರಿ?”

ಡಾಕ್ಟರು ಅವನನ್ನು ಹೊರಗೆ ನಿಲ್ಲಿಸಲು ಹೇಳಿದರು.

ದಾರಿಯುದ್ದಕ್ಕೂ ಅವನು ಡಾಕ್ಟರನ್ನು ಬೈದ. ಆಕೆಗೆ ಕಿವಿಯಿಲ್ಲ, ತಾಳವಿಲ್ಲ, ಗುರುವಿಲ್ಲ. ಮನೆಗೆ ಬಂದು, ಯಾರಿಗೂ ಗೊತ್ತಾಗದ ಹಾಗೆ, ಆಕೆ ಹೇಳಿದ್ದನ್ನೆಲ್ಲ ಅಕ್ಷರಶಃ ಮಾಡಿದ. ಚಿಪ್ಪಿನ ಜಾಗ ಬಯಲು ಬಿಟ್ಟ. ಎರಡು ಬದಿಗೆ ಮೃದಂಗದ ಮರದ್ದೇ ಪಟ್ಟಿ ಕೊರೆದು, ನಡುವೆ ಹಿತ್ತಾಳೆಯ ಮೊಳೆಯಿಂದ ಮಡಚುವ ಕೀಲು ಕೂಡಿಸಿದ. ಕಣಕದ ಬದಲು ಹೌಸಾಳ ತವರಿನ ಕೌದಿ ಕತ್ತರಿಸಿದ. ಹಳೆಯ ನೂಲಿನ ಸೀರೆಗಳ ಆ ಕೌದಿ ಬೆವರು ಹೀರುತ್ತಿತ್ತು, ಚುಚ್ಚುತ್ತಿರಲಿಲ್ಲ. ಹೌಸಾ ಎರಡು ಹೊತ್ತು ಅಡಿಗೆ ಮಾಡಲಿಲ್ಲ. ಮೂರನೆಯ ಹೊತ್ತಿಗೆ, “ಹೊಲಿಗಿ ಹಿಂಗ ಹಾಕ್ತಾರೇನು, ಕೊಡ್ರಿ ಇಲ್ಲೆ” ಎಂದು ತಾನೇ ಹೊಲಿದುಕೊಟ್ಟಳು. ಗಟ್ಟಾಗಳನ್ನು ಹೆಬ್ಬೆರಳಿಂದ ನೂಕಿದರೆ ಸರಿಯುವಷ್ಟು ನುಣುಪು ಮಾಡಿದ. ಬಲಗಾಲಿಗೊಂದು, ಎಡಗಾಲಿಗೊಂದು, ಜೋಡಿ ಸಿದ್ಧವಾಯಿತು.

ಗೋದಾಕ್ಕ ಬಲಗಾಲಿಗೆ ತೊಟ್ಟು ನಿಂತಳು. ನಡೆದಳು. ತಿರುಗಿ ಬಂದಳು. ಮುಖದಲ್ಲಿ ಬಹಳ ದಿನದಿಂದ ಕಾಣದ ನಗೆಯೊಂದು ಕಂಡಿತು. ಆದರೆ ಹೆಜ್ಜೆ ಹೆಜ್ಜೆಗೂ ಮರದ ಕೀಲು ಸೀರೆಯ ಒಳಗಿಂದ ‘ಟಕ್’ ಎನ್ನುತ್ತಿತ್ತು.

“ಇದೇನೋ ಸದ್ದು?”

“ಸರಿ ಕೂತೈತಿ ಅಂತ ಅದು ಹೇಳಾಕತ್ತೈತಿ.”

“ಹೇಳೋದು ಬ್ಯಾಡ ಅನ್ನು.”

“ಸದ್ದಿಲ್ಲದ್ದು ಸತ್ತದ್ದು, ಅಕ್ಕಾ” ಎಂದ ಭಿಕೋಬಾ. ಈ ಒಂದು ವಿಷಯದಲ್ಲಿ ಅವನು ಡಾಕ್ಟರ ಮಾತು ಕೇಳಿರಲಿಲ್ಲ, ಯಾಕೆಂದರೆ ಡಾಕ್ಟರನ್ನು ಕೇಳಿರಲಿಲ್ಲ. 

“ಎಡಗಾಲಿಂದು ನನಗ ಬ್ಯಾಡ. ಎರಡೂ ಕೂಡಿದ್ರ ನಾ ಟಾಂಗಾದ ಕುದುರಿ” ಎಂದು ಗೋದಾಕ್ಕ ಅದನ್ನು ಅವನ ಚೀಲಕ್ಕೆ ಎಸೆದಳು.

ದಿಂಡಿ ಹೊರಟಿತು. ಲೋಣಂದದಲ್ಲಿ ಸಂತರ ಪಾದುಕೆ ಹೊತ್ತ ದೊಡ್ಡ ಪಾಲಕಿಯ, ಅಂದರೆ ಪಲ್ಲಕ್ಕಿಯ, ಮೆರವಣಿಗೆ ಸೇರುವ ತನಕ ಮಳೆ. ಚರ್ಮ ನೆನೆದು ಜೋಲು ಬಿದ್ದರೆ ಗೋದಾಕ್ಕ ನಿಂತಲ್ಲೇ ಹೆಬ್ಬೆರಳಿಂದ ಗಟ್ಟಾ ನೂಕಿ ಮುಂದೆ ಹೋಗುತ್ತಿದ್ದಳು. ನೆನೆದ ಮರ ಸದ್ದು ಮಾಡಲಿಲ್ಲ. ಮಗು ಅಳದಿದ್ದರೆ ತಾಯಿ ಹೆದರುವ ಹಾಗೆ ಭಿಕೋಬಾ ಹೆದರಿ, ಹಿಂದೆ ಹಿಂದೆ ಸುತ್ತಿಗೆ ಹಿಡಿದು ನಡೆಯುತ್ತಿದ್ದ. ಫಲಟಣ ದಾಟಿದ ಮೇಲೆ ಗಾಳಿ ಎದ್ದಿತು, ಚರ್ಮ ಒಣಗಿತು, ಮೊಣಕಾಲು ಮಾತಾಡಿತು. ಟಕ್. ಟಕ್. ಟಕ್.

ಮುಂದೆ ತುಳಸಿ, ತುಳಸಿಯ ಕೆಳಗೆ ಗೋದಾಕ್ಕ, ಗೋದಾಕ್ಕನ ಕೆಳಗೆ ಈ ಟಕ್. ಅವಳ ಹಿಂದಿದ್ದ ತಾಳದವರಿಗೆ ಮೃದಂಗ ದೂರ, ಮೊಣಕಾಲು ಹತ್ತಿರ. ಅವರು ತಿಳಿಯದೆ ಮೊಣಕಾಲಿಗೆ ತಾಳ ಹಾಕತೊಡಗಿದರು. ಭಜನೆ ಗೋದಾಕ್ಕನ ನಡಿಗೆಗೆ ಇಳಿಯಿತು. ಮೃದಂಗದವನು ಸಿಟ್ಟಿನಿಂದ ಒಂದೇ ಸಮನೆ ಬಾರಿಸಿ ಬೆವತುಹೋದ.

ತಾತ್ಯಾಬುವಾ ವೀಣೆಯನ್ನು ಎದೆಗವಚಿಕೊಂಡು ಕಾಲೆಳೆಯುತ್ತ ಮುಂದೆ ಬಂದರು. “ನಮ್ಮ ದಿಂಡಿಗೆ ತಾಳ ಹಾಕೋರು ಯಾರು, ಮಾವುಲಿ? ಮೃದಂಗವೋ ಮೊಣಕಾಲೋ?”

“ಮೃದಂಗನೇ ತಪ್ಪಾಕತ್ತೈತ್ರಿ, ಮಾವುಲಿ” ಎಂದ ಭಿಕೋಬಾ. “ಮೊಣಕಾಲು ಸರಿ ಐತಿ.”

“ನಾಳೆಯಿಂದ ಅಕ್ಕ ಟೆಂಪೋದಾಗ!”

“ಕುಂತ್ರ ಟೆಂಪೋ ಅಂದಿದ್ರಿ” ಎಂದಳು ಗೋದಾಕ್ಕ, ತಲೆ ಅಲುಗಿಸದೆ. “ನಾ ಎಲ್ಲಿ ಕುಂತೀನಿ, ಮಾವುಲಿ?”

“ಕುಂತದ್ದಕ್ಕಲ್ಲ, ಸದ್ದಿಗೆ! ನನ್ನ ಮಾತಿಗೆ ಮಾತಿಲ್ಲ, ಮಾವುಲಿ!”

ಗೋದಾಕ್ಕ ನಡೆಯುತ್ತಲೇ ಇದ್ದಳು. ಅವಳ ಕಣ್ಣಿನಿಂದ ನೀರು ಇಳಿಯಿತು. ತಲೆಯ ಮೇಲೆ ತುಳಸಿ ಇದ್ದುದರಿಂದ ಒರೆಸಿಕೊಳ್ಳಲೂ ಆಗಲಿಲ್ಲ. ಅದಕ್ಕೂ ಅವಳಿಗೆ ಸಿಟ್ಟು ಬಂತು.

ಆ ಸಂಜೆಯ ಬೀಡು ಬರಡ ಎಂಬ ಊರಿನ ಬಯಲಿನಲ್ಲಿ. ಎಲ್ಲ ದಿಂಡಿಗಳೂ ಪಾಲಕಿಯ ಸುತ್ತ ನಿಂತು ಸಾಮೂಹಿಕ ಆರತಿ ಮಾಡುವ ಹೊತ್ತು. ಆರತಿಗೆ ಮುಂಚೆ ಒಂದು ಪದ್ಧತಿ ಇದೆ. ಬೆಳ್ಳಿಯ ಕೋಲು ಹಿಡಿದ ಚೋಪದಾರ ನಡುವೆ ಬಂದು ಕೋಲು ಮೇಲೆತ್ತಿದರೆ, ಅಷ್ಟು ಜನಸಾಗರದ ತಾಳ, ಮೃದಂಗ, ಬಾಯಿ ಎಲ್ಲ ಒಮ್ಮೆಲೇ ನಿಲ್ಲಬೇಕು. ಯಾವ ದಿಂಡಿಗೆ ತಕರಾರು ಇದೆಯೋ ಅದು ಮಾತ್ರ ತಾಳ ಬಾರಿಸುತ್ತಲೇ ಇರುತ್ತದೆ. ಚೋಪದಾರ ಅವರ ಬಳಿ ಹೋಗಿ ದೂರು ಕೇಳಿ, ಎಲ್ಲರೆದುರು ಇತ್ಯರ್ಥ ಮಾಡಿದ ಮೇಲೆಯೇ ಆರತಿ. ಕರಾಡದ ದಿಂಡಿಯಿಂದ ಈ ತನಕ ಒಂದೂ ತಕರಾರು ಹೋಗಿಲ್ಲ ಎಂಬುದು ತಾತ್ಯಾಬುವಾನ ಜೀವಮಾನದ ಹೆಮ್ಮೆ.

ಚೋಪದಾರ ಕೋಲೆತ್ತಿದ. ಸಮುದ್ರ ನಿಂತ ಹಾಗೆ ಎಲ್ಲ ನಿಂತಿತು. ದೂರದ ಒಲೆಗಳ ಚಟಪಟ ಕೂಡ ಕೇಳುತ್ತಿತ್ತು.

ಟಕ್.

ಗೋದಾಕ್ಕ ಕಲ್ಲಾದಳು. ಅವಳು ಅಲುಗಾಡಿರಲಿಲ್ಲ, ಒಣಗುತ್ತಿದ್ದ ಚರ್ಮ ತಾನೇ ಬಿಗಿದುಕೊಂಡಿತ್ತು. ಹಿಂದೆ ಭಿಕೋಬಾನ ಕಿವಿ ನೆಟ್ಟಗಾಯಿತು. ಆ ಟಕ್‌ನ ಸುರ ಒಂದು ಎಳೆ ಏರಿತ್ತು. ತಪ್ಪಿದ ಸುರ ಕೇಳಿಯೂ ಕೈಕಟ್ಟಿ ನಿಲ್ಲುವುದು ಅವನ ರಕ್ತದಲ್ಲಿರಲಿಲ್ಲ. ತಾನೆಲ್ಲಿದ್ದೇನೆ ಎಂಬುದನ್ನು ಮರೆತು, ಬಗ್ಗಿ, ಸೀರೆಯ ಮೇಲಿಂದಲೇ ಸುತ್ತಿಗೆಯಿಂದ ಗಟ್ಟಾಕ್ಕೆ ಬಡಿದ. ಟಕ್ ಟಕ್ ಟಕ್.

“ಭಿಕ್ಯಾ!” ಎಂದು ಗೋದಾಕ್ಕ ತುಟಿ ಅಲುಗಿಸದೆ ಹೇಳಿದಳು.

“ಆತು, ಬಂತು” ಎಂದು ಇನ್ನೊಂದು ಬಡಿದ. ಟಕ್.

ಚೋಪದಾರ ಕೋಲು ಹಿಡಿದು ಗುಂಪು ಸೀಳಿಕೊಂಡು ಬಂದೇಬಿಟ್ಟ. “ಕರಾಡದ ದಿಂಡಿ! ಏನು ತಕರಾರು, ಮಾವುಲಿ?”

“ಇಲ್ಲ! ಏನೂ ಇಲ್ಲ! ನಮ್ಮಲ್ಲಿ ತಕರಾರೇ ಇಲ್ಲ!” ತಾತ್ಯಾಬುವಾನ ದನಿ ಕೀರಲಾಯಿತು.

“ಸದ್ದು ಬಂತಲ್ಲ.”

“ಅದು ಮೊಣಕಾಲು!”

ಚೋಪದಾರ ಬಹಳ ವರ್ಷದಿಂದ ತಕರಾರು ಕೇಳುತ್ತ ಬಂದವನು. ಕಳೆದ ಚೊಂಬು, ಸಿಗದ ನೀರು, ಜಾಗಕ್ಕಾಗಿ ಹೊಡೆದಾಟ, ಎಲ್ಲ ಕೇಳಿದ್ದ. ಮೊಣಕಾಲಿನ ತಕರಾರು ಇದೇ ಮೊದಲು. “ಯಾರದು?” ಎಂದ.

“ನಂದು” ಎಂದಳು ಗೋದಾಕ್ಕ. ಒಂದು ವಾರದಿಂದ ನುಂಗಿದ್ದೆಲ್ಲ ಒಟ್ಟಿಗೆ ಬಂತು. “ನನ್ನ ಮೊಣಕಾಲಿಗೆ ತಕರಾರು ಐತಿ! ನಾ ಕರಾಡದಿಂದ ನಡದೀನಿ. ಎಲ್ಲೂ ಕುಂತಿಲ್ಲ. ತುಳಸಿ ಇಳಿಸಿಲ್ಲ. ನಾಳೆ ನನ್ನ ಟೆಂಪೋದಾಗ ಕೂಡಸ್ತಾರಂತ, ಪಾತ್ರೆ ಜೋಡಿ! ಯಾಕಂದ್ರ ನನ್ನ ಕಾಲು ಸದ್ದು ಮಾಡ್ತೈತಿ!”

ಬಯಲಿಗೆ ಬಯಲೇ ಕೇಳುತ್ತಿತ್ತು. ಚೋಪದಾರ ಬುವಾನ ಕಡೆ ತಿರುಗಿದ. “ಇವರಿಂದ ಸಾಲು ನಿಂತಿತೇನ್ರಿ?”

“ಇಲ್ಲ. ಆದ್ರ ಸದ್ದು...”

“ಇಲ್ಲಿ ಇಷ್ಟು ತಾಳ, ಇಷ್ಟು ಮೃದಂಗ. ಸದ್ದಿಗೆ ಟೆಂಪೋ ಅಂದ್ರ ನಾವೆಲ್ಲಾರೂ ಪಾತ್ರೆ ಜೋಡಿ ಕೂಡಬೇಕಾಗ್ತೈತಿ. ಇರಲಿ, ದಿಂಡಿ ನಿಮ್ಮದು, ಕಡೀ ಮಾತು ನಿಮ್ಮದೇ. ಇಬ್ಬರೂ ಕಾಲು ಮುಟ್ಟಿಕೊಂಡು ಹೇಳ್ರಿ, ಆರತಿಗೆ ಹೊತ್ತಾತು.”

“ದೂರದಿಂದ...” ಎಂದು ಬುವಾ ಹಿಂದೆ ಸರಿದರು. ಹಿಂದೆ ಸರಿಯಲು ಜಾಗವಿರಲಿಲ್ಲ. ಅಷ್ಟು ಜನ ನೋಡಲು ಒತ್ತಿ ನಿಂತಿದ್ದರು.

ಗೋದಾಕ್ಕ ತುಳಸಿಯನ್ನು ಹೌಸಾಳ ಕೈಗೆ ಕೊಟ್ಟಳು. ಹೆಬ್ಬೆರಳಿಂದ ಗಟ್ಟಾ ಸಡಿಲಿಸಿದಳು. ಟಕ್ ಎಂದು ಮೊಣಕಾಲು ಮಡಚಿತು. ಅವಳು ಹೀಗೆ ಪೂರ್ತಿ ಬಾಗಿದ್ದನ್ನು ಕರಾಡದವರು ನೋಡಿ ವರ್ಷಗಳಾಗಿದ್ದವು. ಸಿಟ್ಟಿನಿಂದಲೇ ಬುವಾನ ಕಾಲಿಗೆ ಕೈ ಚಾಚಿದಳು.

ಕೈಗೆ ಕಾಲು ಸಿಗಲಿಲ್ಲ. ಧೋತರದ ಅಂಚಿನ ಕೆಳಗೆ, ಎಡಗಾಲಿನ ಹರಡಿನ ಮೇಲೆ ಮುದ್ದೆಯಾಗಿ, ಬೆವತು, ಒಂದು ಕರೀ ತೋಳು ಕೂತಿತ್ತು.

ಅಂಗಡಿ ಪಟ್ಟಾ. ಅವಳಿಗೆ ಅದರ ಪರಿಚಯ ಚೆನ್ನಾಗಿತ್ತು.

ಗೋದಾಕ್ಕ ಬಾಗಿದಲ್ಲೇ ತಲೆ ಎತ್ತಿದಳು. ತಾತ್ಯಾಬುವಾ ಅವಳ ಕಾಲು ಮುಟ್ಟಲು ಬಾಗಿದವರು ಅರ್ಧದಲ್ಲೇ ಸಿಕ್ಕಿಕೊಂಡಿದ್ದರು. ಮುಂದೆ ಬಾಗಲಾರರು, ಹಿಂದೆ ಏಳಲಾರರು. ಇಬ್ಬರ ಮುಖಗಳೂ ಹತ್ತಿರ ಬಂದವು.

“ಯಾವಾಗಿಂದ?” ಎಂದು ಪಿಸುಗುಟ್ಟಿದಳು. ಬೆಂಕಿಗೆ ಪಿಸುಮಾತು ಬಂದರೆ ಹೀಗೇ ಇರುತ್ತದೆ.

“ಹೋದ ವರ್ಷದಿಂದ. ನೀವು ಕುಂತ್ರಿ ಅಂತ ನಾ ಬಚಾವಾದೆ. ಇಲ್ಲಾಂದ್ರ ನಾನೇ ಬೀಳ್ತಿದ್ದೆ.”

“ಹಂಗಾದ್ರ ನನ್ನ ಯಾಕ ಟೆಂಪೋಕ್ಕ...”

“ನೀವು ಮುಂದ ಕುಂಟಿದ್ರ ಜನ ಎಲ್ಲಾರ ಮೊಣಕಾಲು ನೋಡಾಕ ಸುರು ಮಾಡ್ತಾರ. ನನ್ನ ವೀಣೆ ಕಸಗೋತಾರ, ಅಕ್ಕಾ.” ಅವರು ಮಾವುಲಿ ಎನ್ನಲು ಮರೆತಿದ್ದರು.

ಗೋದಾಕ್ಕನಿಗೆ ಆ ತೋಳನ್ನು ಎಳೆದು ಬಯಲಿಗೆಲ್ಲ ತೋರಿಸಬೇಕೆನಿಸಿತು. ಕೈ ಬಿಗಿಯಿತು ಕೂಡ. ಆಮೇಲೆ ಆ ಬೆವೆತ ಮುದ್ದೆಯ ಅಡಿಯಲ್ಲಿ ಬಾತ ಕಾಲು ಅವಳ ಬೆರಳಿಗೆ ತಾಗಿತು.

“ಮುಳ್ಳೇನ್ರಿ, ಬುವಾ?” ಎಂದಳು.

“ದೊಡ್ಡ ಮುಳ್ಳು, ಮಾವುಲಿ” ಎಂದರು ತಾತ್ಯಾಬುವಾ.

ಅವಳು ತೋಳನ್ನು ಧೋತರದ ಒಳಗೆ ಸರಿಸಿ, ಅವರ ರಟ್ಟೆ ಹಿಡಿದು ಎಬ್ಬಿಸಿ, ತಾನೂ ಎದ್ದಳು. ಟಕ್. ಬುವಾ ಗಂಟಲು ಸರಿಮಾಡಿಕೊಂಡು ಚೋಪದಾರನಿಗೆ, “ಅಕ್ಕ ನಡೀತಾರ. ಪಂಢರಪುರದ ತನಕ ಮುಂದ ನಡೀತಾರ. ತಕರಾರು ಇಲ್ಲ” ಎಂದರು. ಕೋಲು ಮತ್ತೆ ಮೇಲೇರಿತು, ಈ ಸಲ ಮೊಣಕಾಲು ಕೂಡ ಸುಮ್ಮನಿತ್ತು, ಆರತಿ ಎದ್ದಿತು.

ಬೆಳಿಗ್ಗೆ ಡೇರೆಯ ಮರೆಯಲ್ಲಿ ಗೋದಾಕ್ಕ ತಮ್ಮನ ಚೀಲದಿಂದ ಎಡಗಾಲಿನ ಪಟ್ಟಾ ತೆಗೆದು ಅವನ ಕೈಗಿಟ್ಟಳು. “ಬುವಾಗ ಕಟ್ಟು. ಬಡೀಬ್ಯಾಡ. ಅವರು ಸಾಕು ಅನ್ನೋ ತನಕ ಸರಸು, ಆಮೇಲೆ ಕೈ ತೆಗಿ.” ಬುವಾನ ಕಾಲು ಕಡ್ಡಿ, ಗೋದಾಕ್ಕನದು ಕಂಬ. ಗಟ್ಟಾಗಳು ಅತ್ತಲಿಂದಿತ್ತ ಸರಿದು, ಬಾರು ಒಂದು ಸುತ್ತು ಹೆಚ್ಚಿಗೆ ಸುತ್ತಿ, ಅದೇ ಪಟ್ಟಾ ಕೂತಿತು. ತಾತ್ಯಾಬುವಾ ಎದ್ದು ನಿಂತರು. ಒಂದು ಹೆಜ್ಜೆ ಇಟ್ಟರು. ಕಣ್ಣು ಮುಚ್ಚಿ ವಿಠ್ಠಲನನ್ನು ನೆನೆದರು. ಇನ್ನೊಂದು ಹೆಜ್ಜೆ ಇ‌ಟ್ಟರು.

ಟಕ್.

ಕಣ್ಣು ತೆರೆದರು. ಅತ್ತಿತ್ತ ನೋಡಿ, ಭಿಕೋಬಾನ ಕಿವಿಯ ಹತ್ತಿರ ಬಗ್ಗಿ, “ಎಲ್ಲಾ ಸರಿ ಐತಿ. ಈ ಸದ್ದು ಒಂದು ಇಲ್ಲದ್ದು ಮಾಡಾಕ ಬರ್ತೈತೇನು?” ಎಂದು ಕೇಳಿದರು.

ಸುತ್ತಿಗೆಯನ್ನು ಅಕ್ಕ ಕಸಿದುಕೊಂಡಿದ್ದಳು, ತವರಿನ ಕೌದಿಗಾಗಿ ಹೆಂಡತಿ ಇನ್ನೂ ಗೊಣಗುತ್ತಿದ್ದಳು, ಈಗ ತನ್ನ ಸುರದಲ್ಲೂ ಕೊಂಕು ತೆಗೆಯಲು ಒಬ್ಬ ಹುಟ್ಟಿದ. ಭಿಕೋಬಾನ ಸಿಟ್ಟು ನೆತ್ತಿಗೇರಿತು. ಆದರೂ ಕೊರಳಲ್ಲಿ ಮಾಲೆಯಿತ್ತು. ನಮ್ರನಾಗಿ ಬಾಗಿ, ಬುವಾನ ಎರಡೂ ಕಾಲು ಮುಟ್ಟಿ, ಕಣ್ಣಿಗೊತ್ತಿಕೊಂಡು ಹೇಳಿದ.

“ಸದ್ದಿಲ್ಲದ್ದು ಅಂಗಡ್ಯಾಗ ಸಿಗ್ತಾವಲ್ಲ, ಮಾವುಲಿ.”